ಗಿರಿಜತ್ತೆ ಓದುತ್ತಿದ್ದ ತಮಿಳು ಕಾಗದ

ಶಾಂತಕ್ಕ, ಮಂಡಿನೋವು ಇಳಿಯಿತೇ? ಮಂಜು, ನಿನ್ನ ಕೆಮ್ಮು ಹೇಗಿದೆ? ಇವತ್ತು ಲಿಫ್ಟಿನ ಗುಂಡಿಯ ಮೇಲಿನ ಬ್ರೈಲ್ ಚುಕ್ಕಿಗಳು ಬೆರಳಿಗೆ ತಾಗಿ ನಮ್ಮ ಗಿರಿಜತ್ತೆ ನೆನಪಾದರು.

ಕಣ್ಣು ಕಾಣದ ಅತ್ತೆ ರಾಜಾಜಿನಗರದ ವಠಾರದ ಜಗಲಿಯಲ್ಲಿ ಕೂತು, ಮದುವೆಯಾಗಿ ಸೇಲಂಗೆ ಹೋದ ಗೆಳತಿ ಸೆಲ್ವಿಯ ಕಾಗದ ಓದುತ್ತಿದ್ದರು. ಸೆಲ್ವಿಗೂ ಕಣ್ಣಿರಲಿಲ್ಲ. ದಪ್ಪ ಹಾಳೆ ಮುಟ್ಟಿದರೆ ರಾಗಿ ಚೆಲ್ಲಿದಂತೆ. ವರ್ಷ ಕಳೆದಂತೆ ಸೆಲ್ವಿಯ ಕನ್ನಡ ಸವೆದು, ಕಾಗದವೆಲ್ಲ ತಮಿಳಾಯಿತು. ಬ್ರೈಲಿನಲ್ಲಿ ಕನ್ನಡದ 'ಕ'ಗೂ ತಮಿಳಿನ 'ಕ'ಗೂ ಅವೇ ಎರಡು ಚುಕ್ಕಿ. ಹಾಗಾಗಿ ಅತ್ತೆ ತಮಿಳನ್ನೂ ಗಟ್ಟಿಯಾಗಿ ಓದುತ್ತಿದ್ದರು, ಅರ್ಥ ಮಾತ್ರ ಆಗುತ್ತಿರಲಿಲ್ಲ. ಓದು ಬಾರದ ಪಕ್ಕದ ಮನೆಯ ತಮಿಳಿನ ಕಮಲಮ್ಮ ಸೊಪ್ಪು ಬಿಡಿಸುತ್ತಾ ಕೇಳಿಸಿಕೊಂಡು, ಕನ್ನಡದಲ್ಲಿ ಹೇಳುತ್ತಿದ್ದರು.

"ಓದಿದ್ದು ನಾನು, ಅಳ್ತಿರೋದು ನೀವು! ಏನಂತೆ ಹೇಳ್ರೀ," ಎಂದರು ಅತ್ತೆ ಒಮ್ಮೆ.

"ಆ ಮನೇಲಿ ಅವಳನ್ನ ಯಾರೂ ಮಾತಾಡ್ಸಲ್ವಂತೆ ಕಣಮ್ಮ. ನಿನ್ನ ಕಾಗದ ಬಂದಾಗ ಮಾತ್ರ ಯಾರೋ ಹೆಸರು ಹಿಡಿದು ಕರೆದಂಗಾಗುತ್ತಂತೆ."

ಆಮೇಲೆ ಕಮಲಮ್ಮನವರು ಮನೆ ಖಾಲಿ ಮಾಡಿ ಮದ್ರಾಸಿಗೆ ಹೋದರು. ಕಾಗದಗಳು ಬರುತ್ತಲೇ ಇದ್ದವು. ಅತ್ತೆ ಒಬ್ಬರೇ ಕೂತು ಗಟ್ಟಿಯಾಗಿ ಓದುತ್ತಿದ್ದರು.

"ಅರ್ಥ ಆಗುತ್ತಾ ಅತ್ತೆ?" ಎಂದು ನಾನೊಮ್ಮೆ ಕೇಳಿದೆ.

"ಇಲ್ಲ ಕಣೇ. 'ಗಿರಿಜಾ' ಅಂತ ಬರುತ್ತಲ್ಲ, ಅಲ್ಲಿ ಸ್ವಲ್ಪ ಹೊತ್ತು ಬೆರಳು ಇಟ್ಕೋತೀನಿ."

ಕಾಗದ ಬಂದ ದಿನವೇ ಉತ್ತರ ಬರೆಯಲು ಕೂರುತ್ತಿದ್ದರು. ಮೊದಲು ಚುಚ್ಚುತ್ತಿದ್ದ ಪದವೇ ಸೆಲ್ವಿ.

ಈಗ ನನಗೂ ಮನೆಯಲ್ಲಿ ಮಾತಾಡಲು ಯಾರೂ ಇಲ್ಲ. ಫೋನಿನ ಈ ಗುಂಪಿನಲ್ಲಿ ಇದರ ಕೆಳಗೆ ಬರೀ ಹೆಬ್ಬೆರಳ ಗುರುತು ಒತ್ತಿ ಸುಮ್ಮನಾಗಬೇಡಿ. ಎರಡೇ ಸಾಲಾದರೂ ಬೇಗ ಬರೆಯಿರಿ, ನನ್ನ ಹೆಸರು ಹಿಡಿದು ಬರೆಯಿರಿ.