ಒಂದೇ ಸಲ ಕರೆದ ದನಿ

ನಮ್ಮ ಬಾಜೂ ಮನಿ ಲಕ್ಷ್ಮವ್ವ ದೀಪಾ ಹಚ್ಚೋ ಹೊತ್ತಿಗೆ ಬಾಗಿಲಾ ಹಾಕಿದ್ದನ್ನ ನಾ ಒಂದಿನಾನೂ ನೋಡಿಲ್ಲ. ಈ ಮರಾಠಿ ಊರಿನ ನಮ್ಮ ಮನೀಶ್ ನಗರದಾಗ ಸೊಳ್ಳಿಗೇನು ಬರಗಾಲನಾ? "ಅಯ್ಯ ನಮ್ಮವ್ವ, ಬಾಗಿಲಾ ಹಾಕ್ರಿ, ಡೆಂಗ್ಯೂ ಬಂದೀತು" ಅಂತ ಬೈದು ಬೈದು ನನ್ನ ಬಾಯಿ ಸೋತಿತ್ತು. ಆಕಿ ನಗತಿದ್ದಳು, ಹಾಕತಿದ್ದಿಲ್ಲ. ಹನ್ನೆರಡು ವರ್ಷದ ನೆರಿಹೊರಿ, ಕಾರಣ ಗೊತ್ತಾಗಿದ್ದು ಮಾತ್ರ ಹೋದ ಆಷಾಢದಾಗ.

ಆಕಿ ಮಗ ಪ್ರಸನ್ನ ರೈಲ್ವೆದಾಗ ಅದಾನ. ಅವನ ಕೂಸು ಅಮೇಯ, ಒಂಬತ್ತು ವರ್ಷದ್ದು. ಆರು ತಿಂಗಳಾತು, ಶಾಲ್ಯಾಗ ಬಾಯಿ ಬಿಟ್ಟಿದ್ದಿಲ್ಲ. ಮನ್ಯಾಗ ಅಜ್ಜಿ ಕೂಡ ಪಟಪಟ ಮಾತು. ಯಾಕಂದ್ರ ಶಾಲ್ಯಾಗಿನ ಮಾತು ಮರಾಠಿ, ಅದರೊಳಗ 'ಹೋಗ್ತೀನಿ' ಅನ್ನಬೇಕಾದ್ರೂ ಗಂಡಾದ್ರ 'ಜಾತೋ', ಹೆಣ್ಣಾದ್ರ 'ಜಾತೆ'. ಹಿಂದಿ ಭಾಷಾನೂ ಹಂಗ. ಅಮೇಯಗ ಎರಡೂ ಬ್ಯಾಡ. "ನಾ ಗಂಡೂ ಅಲ್ಲ, ಹೆಣ್ಣೂ ಅಲ್ಲ" ಅಂತ ಅವ್ವನ ಮುಂದ ಹೇಳಿತ್ತು. ನಮ್ಮ ಕನ್ನಡದಾಗ 'ಹೋಗ್ತೀನಿ' ಅಂದ್ರ ಮುಗೀತು, ನೀ ಯಾರು ಅಂತ ಮಾತು ಕೇಳಂಗಿಲ್ಲ.

ಪ್ರಸನ್ನ ಸಾವನೇರ್ ಕಡೆ ಒಂದು ಹಾಸ್ಟೆಲ್ಲಿನ ಫಾರ್ಮ್ ತುಂಬಿಟ್ಟಿದ್ದ. "ಶಿಸ್ತಿನಾಗ ಬಿದ್ರ ಬರೋಬರ್ ಆಗತೈತಿ" ಅಂದ. ಸೋಮವಾರ ಒಯ್ಯೋದಿತ್ತು. ನನಗ ಸಿಟ್ಟು ನೆತ್ತಿಗೇರಿತ್ತು. ಆದ್ರ ಮಂದಿ ಮನಿ ವಿಷಯ, ಸುಮ್ಮನಿದ್ದೆ.

ಶನಿವಾರ ಸಂಜಿಮುಂದ ಕರಿಬೇವು ಕೇಳಲಿಕ್ಕೆ ಹೋದೆ. ಸೊಸಿ ಚಾರುಲತಾ ಎಲ್ಲಿಂದೋ ಒಂದು ಇಂಗ್ಲಿಷ್ ಚಿತ್ರದ ಪುಸ್ತಕ ತರಿಸಿದ್ದಳು, ಇಂಥಾದೇ ಒಂದು ಕೂಸಿನ ಕಥಿ. ಅಜ್ಜಿಗೆ ಇಂಗ್ಲಿಷ್ ಬರಂಗಿಲ್ಲಂತ ಅಮೇಯ ಕನ್ನಡದಾಗ ಹೇಳತಿತ್ತು.

"ಅವರು ಅಂಗಿ ಹಾಕ್ಕೊಂಡ್ರು. ಅವರು ಶಾಲಿಗೆ ಹೋದ್ರು."

"ಯಾರು?"

"ಈ ಕೂಸು, ಅಜ್ಜಿ. ಪುಸ್ತಕದಾಗ 'they' ಅಂತ ಬರದಾರ."

"ಗೇಣುದ್ದ ಕೂಸಿಗೆ ಅವರು ಇವರು ಅಂತೀಯಲ್ಲ, ಮಠದ ಸ್ವಾಮಿಗಳೇನು? ಕೂಸು ಹೋತು ಅನ್ನು, ಸಾಕು!"

ಎಲ್ಲಾರೂ ನಕ್ಕಿವಿ. ಮೊಬೈಲ್ ಹಿಡಕೊಂಡು ಕುಂತಿದ್ದ ಪ್ರಸನ್ನನೂ ನಕ್ಕ.

ಕಡೀ ಚಿತ್ರದಾಗ ಕೂಸು ಹೊಸ್ತಿಲದಾಗ ನಿಂತಿತ್ತು, ಮನಿ ಮಂದಿ ಬಾಗಿಲಾ ತಗದು ಕೈ ಚಾಚಿದ್ರು. ಲಕ್ಷ್ಮವ್ವ ಆ ಬಾಗಿಲಾದ ಮ್ಯಾಲೆ ಬೆರಳಿಟ್ಟಳು.

"ನನ್ನ ತಮ್ಮ ಯಲ್ಲಪ್ಪ" ಅಂದಳು. "ಹದಿನೈದು ವರ್ಷದಾಂವ. ಕೈಗೆ ಬಳಿ ಇಟ್ಟಕೊಂಡು ಮೀಸಿ ತಿರುವತಿದ್ದ. 'ನಾ ಎರಡೂ ಅಲ್ಲಕ್ಕಾ' ಅಂತಿದ್ದ. ಅಪ್ಪ ಬಡದು ಹೊರಗ ಹಾಕಿದ. ಆ ವರ್ಷ ಊರಾಗ ದೆವ್ವದ ಗದ್ದಲ. ದೆವ್ವ ಗುರ್ತಿನ ದನಿಲೇ ಒಂದೇ ಸಲ ಕರೀತೈತಿ, ಓಗೊಟ್ರ ಸತ್ರು ಅಂತಿದ್ರು. ದೆವ್ವ ಓದಿ ತಿರುಗಿ ಹೋಗಲಿ ಅಂತ ಎಲ್ಲಾರ ಬಾಗಿಲಿಗೂ 'ನಾಳೆ ಬಾ'. ನಮ್ಮ ಬಾಗಿಲಿಗೆ ನಾನೇ ಬರದಿದ್ದೆ. ಮೂರನೇ ದಿನ ಸಂಜಿಗೆ ಹೊರಗ 'ಅಕ್ಕಾ' ಅಂತ ಕೇಳಿಸ್ತು. ಒಂದೇ ಸಲ. ದೆವ್ವಂತ ಹೆದರಿ ಓಗೊಡಲಾರದ ಕುಂತೆ."

ಆಕಿ ತೆರೆದಿದ್ದ ಬಾಗಿಲಾದ ಕಡೆ ನೋಡಿದಳು.

"ಮುಂಜಾನೆ ಹೊಸ್ತಿಲದಾಗ ಅವನ ಕೈಯಾನ ಎರಡು ಬಳಿ ಬಿದ್ದಿದ್ವು. ಅಂವಗ ಓದಲಿಕ್ಕೆ ಕಲಿಸಿದಾಕಿನೂ ನಾನೇ, ಪ್ರಸನ್ನ. 'ನಾಳೆ ಬಾ' ಓದಿ ಹೋದಾಂವ ತಿರುಗಿ ಬರಲಿಲ್ಲ. ನಲವತ್ತು ವರ್ಷಾತು, ಆ ದನಿ ನನ್ನ ಕಿವಿ ಬಿಟ್ಟಿಲ್ಲ. ಈ ಕೂಸು ಮನಿ ಬಿಟ್ರ ನಾನೂ ಬಿಟ್ಟೆ."

ಪ್ರಸನ್ನ ಫಾರ್ಮ್ ಮಡಚಿ ಕಿಸೇದಾಗ ಇಟ್ಟುಕೊಂಡು ಹೊರಗ ಹೋದ. ಹರೀತಾನೋ, ಒಯ್ಯತಾನೋ, ಒಂದೂ ತಿಳೀಲಿಲ್ಲ. ಎರಡು ದಿನ ನನಗೂ ಊಟ ಸೇರಲಿಲ್ಲ.

ಸೋಮವಾರ ಸಂಜಿ ನಾ ಲಕ್ಷ್ಮವ್ವನ ಕೂಡ ಬತ್ತಿ ಹೊಸೀತಾ ಕುಂತಿದ್ದೆ. ಮೆಟ್ಟಿಲದಾಗ ಶಾಲಿ ಬ್ಯಾಗಿನ ಸಪ್ಪಳಾತು, ಹಿಂದ ಪ್ರಸನ್ನನ ಕೆಮ್ಮು.

"ಅಜ್ಜೀ!"

ಒಂದೇ ಸಲ. ಬತ್ತಿ ಚೆಲ್ಲಿ ಎದ್ದು ಓಡಿದಳು ನಮ್ಮ ಲಕ್ಷ್ಮವ್ವ.

"ಓ! ಬಂದೆ, ಬಂದೆ! ಒಳಗ ಬಾ ಯಲ್ಲಪ್ಪಾ!"

ಅಮೇಯ ಆಕಿ ಮಾರಿ ನೋಡ್ತು. ಹೆಸರು ತಿದ್ದಲಿಲ್ಲ.

"ಹೂಂ ಅಕ್ಕಾ, ಬಂದೀನಿ" ಅಂತು.