ಗೊಬ್ಬರದಂಗಡಿಯ ಚಾಚಾ

ಗೋದಾಮಿನ ಷಟರನ್ನು ಮೊಣಕಾಲುಮಟ್ಟಕ್ಕೆ ಮಾತ್ರ ಎತ್ತಿ, ಚಾಚಾ ಕುಕ್ಕರಗಾಲಲ್ಲಿ ಕೂತು ಆ ಸಂದಿಗೆ ಮೂಗು ಒಡ್ಡುತ್ತಿದ್ದರು. ಉದ್ದ ಮೂಗು, ತುದಿಯಲ್ಲಿ ಕೊಂಚ ಎಡಕ್ಕೆ ವಾಲಿದ್ದು. ಕಣ್ಣುಗಳು ಮುಚ್ಚಿರುತ್ತಿದ್ದವು, ಹೊಳ್ಳೆಗಳು ಮಾತ್ರ ಅರಳಿ ಕುಗ್ಗುತ್ತಿದ್ದವು. ಒಂದು ಕೈಯನ್ನು ಹಿಂದಕ್ಕೆ ಚಾಚಿ ನಮ್ಮನ್ನು ತಡೆದಿರುತ್ತಿದ್ದರು. ಅವರು ಎದ್ದು ‘ಹ್ಞೂಂ’ ಅನ್ನುವವರೆಗೆ ನಾನಾಗಲಿ, ಮೂಟೆ ಹೊರುವ ಮುರುಗೇಶನಾಗಲಿ ಒಳಗೆ ಕಾಲಿಡುವಂತಿರಲಿಲ್ಲ.

ಕೃಷ್ಣರಾಜಪುರದ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ಅವರ ರಸಗೊಬ್ಬರದ ಅಂಗಡಿಯಿತ್ತು. ಡಿಗ್ರಿ ಮುಗಿಸಿ ಬೇರೆ ಕೆಲಸ ಸಿಗುವವರೆಗೆ ಎಂದು ನಾನು ಅಲ್ಲಿ ಬಿಲ್ ಹಾಕಲು ಸೇರಿಕೊಂಡೆ. ಹೊಸಕೋಟೆ ಕಡೆಯ ಗುಲಾಬಿ ಬೆಳೆಗಾರರು, ನರ್ಸರಿಯವರು, ಟೆರೇಸಿನಲ್ಲಿ ಟೊಮೇಟೊ ಬೆಳೆಸುವ ಇಂದಿರಾನಗರದ ಹೆಂಗಸರು ನಮ್ಮ ಗಿರಾಕಿಗಳು. ಚಾಚಾ ದಿನಾ ಶಿವಾಜಿನಗರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ನೋಡಲೇ ಇಲ್ಲ. ಇಡೀ ಬೀದಿಗೆ ಅವರು ಚಾಚಾ.

ಅಷ್ಟು ಹೆದರುವ ಗಂಡಸನ್ನೂ ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಮೂಟೆಗಳು ಗೋಡೆಗೆ ತಾಗಬಾರದು, ನೆಲಕ್ಕೆ ತಾಗಬಾರದು. ಅವುಗಳ ನೆತ್ತಿಯ ಮೇಲೆ ಬಲ್ಬ್ ಇರಬಾರದು. ಚೆಲ್ಲಿದ ಗೊಬ್ಬರ ಗುಡಿಸುವ ಪೊರಕೆಯಿಂದ ಬೇರೇನೂ ಗುಡಿಸಬಾರದು. ಬ್ಲೀಚಿಂಗ್ ಪೌಡರು, ಡೀಸೆಲ್ಲು, ಮರದ ಹೊಟ್ಟು ಇವು ಬಾಗಿಲ ಹತ್ತಿರಕ್ಕೂ ಸುಳಿಯಬಾರದು. ನೈಟ್ರೇಟ್ ಮೂಟೆಗಳಿದ್ದ ಮೂಲೆಗೆ ಹೋಗುವಾಗ ಮಲಗಿರುವ ಮಗುವಿನ ಪಕ್ಕ ಹಾದಂತೆ ಹೆಜ್ಜೆ ಇಡುತ್ತಿದ್ದರು. ಮುರುಗೇಶ ‘ನೋಡಕ್ಕಾ’ ಎಂದು ಅವರ ಬೆನ್ನ ಹಿಂದೆ ಅದನ್ನು ಅಣಕಿಸಿ ನಡೆದು ತೋರಿಸುತ್ತಿದ್ದ. ನಾನೂ ನಗುತ್ತಿದ್ದೆ.

ಒಂದು ದಿನ ಇಂದಿರಾನಗರದ ಒಬ್ಬರು ಖಾಲಿ ಜಾಮ್ ಬಾಟಲಿ ಹಿಡಿದು ಬಂದು ಅದರ ತುಂಬ ಯೂರಿಯಾ ಕೊಡಿ ಎಂದರು.

“ಎಲ್ಲಿಡ್ತೀರಮ್ಮಾ?” ಚಾಚಾ ಕೇಳಿದರು. ಪ್ರತಿಯೊಬ್ಬ ಗಿರಾಕಿಗೂ ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ ಅದು.

“ಅಡುಗೆಮನೆ ಶೆಲ್ಫ್‌ನಲ್ಲೇ, ಯಾಕೆ?”

“ಮನೇಲಿ ಮಕ್ಕಳಿದಾರಾ?”

“ಮೊಮ್ಮಗ ಇದಾನೆ.”

ಚಾಚಾ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಂದಿರುಗಿಸಿದರು. “ಸಕ್ಕರೆ ಥರಾನೇ ಕಾಣುತ್ತಮ್ಮ ಇದು. ನನ್ ಕೈಯಲ್ಲಿ ಆಗಲ್ಲ. ಹಸುವಿನ ಗೊಬ್ಬರ ಹಾಕ್ಕೊಳ್ಳಿ, ಗಿಡ ಚೆನ್ನಾಗೇ ಬರುತ್ತೆ.” ಆಕೆ ಸಿಟ್ಟಾಗಿ ಹೋದರು.

ಆ ವರ್ಷದ ಬೇಸಿಗೆಯಲ್ಲೇ ಅದು ನಡೆದದ್ದು. ನಮ್ಮ ಗೋದಾಮಿಗೂ ಪಕ್ಕದ ಸೋಫಾ ಮಾಡುವವರ ಶೆಡ್ಡಿಗೂ ಗೋಡೆ ಒಂದೇ. ಅವತ್ತು ಮಧ್ಯಾಹ್ನ ಅವರ ತಗಡಿನ ಮೇಲೆ ಹೊಸ ಬೋರ್ಡ್ ಕೂರಿಸಲು ವೆಲ್ಡಿಂಗ್ ನಡೆದಿತ್ತು. ಚಾಚಾ ಓಡಿಹೋಗಿ ಕೈಮುಗಿದರು. “ಐದೇ ನಿಮಿಷ ಚಾಚಾ, ಆಗೋಯ್ತು” ಎಂದ ತಗಡಿನ ಮೇಲಿದ್ದ ವೆಲ್ಡಿಂಗಿನವನು. ಅಷ್ಟರಲ್ಲೇ ಕಿಡಿ ಕೆಳಗಿನ ಫೋಮಿನ ರಾಶಿಗೆ ಬಿದ್ದಿತ್ತು. ನೋಡನೋಡುತ್ತ ಬೆಂಕಿ ಮಾಡಿಗೆ ಏರಿ, ನಮ್ಮ ಕಡೆಯ ಗವಾಕ್ಷಿಯಿಂದ ಒಳಗೆ ನಾಲಿಗೆ ಚಾಚಿತು.

ಚಾಚಾ ಫೋನಿನಲ್ಲಿ ಅಗ್ನಿಶಾಮಕದವರಿಗೆ ಒಳಗೆ ಏನೇನಿದೆ ಎಂದು ಕೂಗಿ ಹೇಳುತ್ತಿದ್ದರು. ಮುರುಗೇಶ ಮೂಟೆ ಉಳಿಸಲು ಒಳಗೆ ನುಗ್ಗಿಬಿಟ್ಟಿದ್ದ. ನಾನು ಅವನನ್ನು ಕರೆಯುತ್ತ ಬಾಗಿಲಿಗೆ ಓಡಿದೆ. ಮೊದಲು ಕಂಡದ್ದು ಫೋಮಿನ ಕಪ್ಪು ಹೊಗೆ. ಆಮೇಲೆ ನೈಟ್ರೇಟ್ ಮೂಟೆಗಳ ಮೂಲೆಯಿಂದ ಇನ್ನೊಂದು ಹೊಗೆ ಎದ್ದಿತು. ಇಟ್ಟಿಗೆ ಪುಡಿ ಕಲಸಿದಂಥ ಕಂದು ಬಣ್ಣ, ಭಾರವಾಗಿ, ಸೊಂಟದೆತ್ತರದಲ್ಲಿ ಉರುಳಿಕೊಂಡು ಬರುತ್ತಿತ್ತು. ಗಂಟಲಿಗೆ ಸೂಜಿ ಚುಚ್ಚಿದಂತಾಯಿತು. ಯಾರೋ ನನ್ನ ಭುಜ ಹಿಡಿದು ಹಿಂದಕ್ಕೆ ಎಸೆದರು. ಆ ಮೂಟೆಗಳಿಗೆ ಅಷ್ಟು ಹೆದರುತ್ತಿದ್ದ ಚಾಚಾ ಬಗ್ಗಿಕೊಂಡು ಅದೇ ಹೊಗೆಯೊಳಗೆ ಹೋದರು, ಮುರುಗೇಶನ ಅಂಗಿ ಹಿಡಿದು ದರದರ ಎಳೆದುಕೊಂಡು ಬಂದರು.

ಜನ ಮರಳು ತಂದರು. “ಮರಳು ಬೇಡ, ನೀರು! ನೀರು ತನ್ನಿ! ಹೊಗೆ ಹೋಗೋ ಕಡೆ ಯಾರೂ ನಿಲ್ಬೇಡಿ!” ಎಂದು ಚಾಚಾ ಬೀದಿಯುದ್ದಕ್ಕೂ ಕಿರುಚಿ ಎಲ್ಲರನ್ನೂ ದೂರ ಓಡಿಸಿದರು. ಅಗ್ನಿಶಾಮಕದವರು ಬಂದು ನೀರು ಸುರಿದು ಆರಿಸಿದರು. ಏನೂ ಸಿಡಿಯಲಿಲ್ಲ, ಯಾರಿಗೂ ಸುಟ್ಟ ಗಾಯವಿರಲಿಲ್ಲ. ಎಲ್ಲರೂ ಟೀ ಕುಡಿದೆವು. ಮುಗಿಯಿತು ಅಂದುಕೊಂಡೆ.

“ಮುರುಗೇಶ ಎಲ್ಲಿ?” ಚಾಚಾ ಕೇಳಿದರು.

ಮೈ ಕೈ ತೊಳೆದುಕೊಂಡು ಸಂಜೆಯ ಬಂಗಾರಪೇಟೆ ರೈಲಿಗೆ ಹೋದ ಎಂದು ಟೀ ಅಂಗಡಿಯವರು ಹೇಳಿದರು. ಅವನ ಫೋನು ಗೋದಾಮಿನಲ್ಲಿ ಕರಗಿಹೋಗಿತ್ತು. ಚಾಚಾರ ಮುಖ ಬೂದಿಯಾಯಿತು. ನನ್ನನ್ನು ಆಟೋಗೆ ಹತ್ತಿಸಿದರು.

“ನಂಗೇನಾಗಿಲ್ಲ ಚಾಚಾ. ಕೆಮ್ಮೂ ನಿಂತೋಯ್ತು. ಮನೆಗೆ ಹೋಗ್ತೀನಿ.”

“ನಮ್ಮಣ್ಣನೂ ಇದೇ ಮಾತು ಹೇಳಿದ್ದ ಬೇಟಾ,” ಎಂದರು. “ಇಂಥಾದ್ದೇ ಹೊಗೆ. ನಗ್ತಾನೇ ಮನೆಗೆ ಬಂದ, ಹೊಟ್ಟೆ ತುಂಬಾ ಉಂಡ, ಮಲ್ಕೊಂಡ. ಬೆಳಿಗ್ಗೆ ಏಳ್ಲಿಲ್ಲ. ಇದು ಕೂಡ್ಲೆ ಏನೂ ಮಾಡಲ್ಲ. ಒಳಗೆ ಕೂತು ಕಾಯುತ್ತೆ.”

ತೂಗುಸೇತುವೆಯ ಬಳಿ ಟ್ರಾಫಿಕ್ಕಿನಲ್ಲಿ ಆಟೋ ನಿಂತಿತ್ತು. ನಾನು ನನ್ನ ಉಸಿರನ್ನೇ ಕೇಳಿಸಿಕೊಳ್ಳತೊಡಗಿದೆ.

ಆಸ್ಪತ್ರೆಯಲ್ಲಿ ಹೊಗೆಯ ಬಣ್ಣ ಕೇಳಿದ್ದೇ ಡಾಕ್ಟರು ಗಂಭೀರವಾದರು. “ಕರ್ಕೊಂಡು ಬಂದಿದ್ದು ಒಳ್ಳೇದಾಯ್ತು. ಇವತ್ತು ಇವರನ್ನ ಕಳಿಸಲ್ಲ. ನೀವೂ ಒಳಗೆ ಹೋಗಿದ್ರಾ? ಹಾಗಾದ್ರೆ ಮಲ್ಕೊಳ್ಳಿ. ಈಗ ಓಡಾಡಿದ್ರೆ ಎದೆಗೆ ಇನ್ನೂ ಕೆಟ್ಟದ್ದು.”

“ಇನ್ನೊಬ್ಬ ಇದಾನೆ ಡಾಕ್ಟ್ರೇ, ರೈಲಿಗೆ ಹೋಗಿದಾನೆ. ಅವನ ಮುಖ ಸ್ಟೇಷನ್‌ನವರಿಗೆ ಗೊತ್ತಿಲ್ಲ, ನಂಗೆ ಗೊತ್ತು.”

“ಬೇರೆ ಯಾರನ್ನಾದ್ರೂ ಕಳ್ಸಿ.”

“ಯಾರು ಕರೆದ್ರೂ ಅವನು ಬರಲ್ಲ. ಎಳ್ಕೊಂಡೇ ಬರ್ಬೇಕು,” ಎಂದು ಚಾಚಾ ಬಾಗಿಲ ಕಡೆ ನಡೆದರು. ಅವರ ಹಣೆಯಿಂದ ಬೆವರು ಇಳಿಯುತ್ತಿತ್ತು. ಬಾಗಿಲಲ್ಲಿ ಒಮ್ಮೆ ಚೌಕಟ್ಟು ಹಿಡಿದು ನಿಂತರು. ಹೋಗಬೇಡಿ ಎಂದು ಕೂಗಬೇಕೆನಿಸಿತು. ಕೂಗಿದರೆ ಮುರುಗೇಶನ ಗತಿ? ಸುಮ್ಮನೆ ಮಲಗಿದೆ.

ಬಿಸಿಲು ಇಳಿಯುವ ಹೊತ್ತಿಗೆ ಅವರು ಮುರುಗೇಶನ ಮಣಿಕಟ್ಟು ಹಿಡಿದು ಒಳಗೆ ಬಂದರು. ಪ್ಲಾಟ್‌ಫಾರಂ ಉದ್ದಕ್ಕೂ ಹೆಸರು ಕೂಗುತ್ತ ಓಡಿ, ರೈಲು ಹತ್ತಿ ಕೂತಿದ್ದವನನ್ನು ಕೆಳಗಿಳಿಸಿದ್ದರಂತೆ. “ನೋಡಕ್ಕಾ, ಕಳ್ಳನ್ನ ಹಿಡ್ದಂಗೆ ಹಿಡ್ಕೊಂಬಂದವ್ರೆ,” ಎಂದು ಮುರುಗೇಶ ನಕ್ಕ.

ನಗು ನಿಲ್ಲಲು ತುಂಬ ಹೊತ್ತು ಬೇಕಾಗಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಅವನಿಗೆ ಉಸಿರು ಸಾಲದಾಯಿತು. ಹಿಂದೆಯೇ ನನಗೂ. ಎದೆಯೊಳಗೆ ನೀರು ಏರುತ್ತಿರುವ ಹಾಗೆ, ಎಷ್ಟು ಎಳೆದರೂ ಗಾಳಿ ಗಂಟಲಿನಲ್ಲೇ ನಿಂತ ಹಾಗೆ. ನರ್ಸ್‌ಗಳು ಓಡಿಬಂದರು, ಮುಖಕ್ಕೆ ಮಾಸ್ಕ್ ಬಿಗಿದರು. ಸಾಯುತ್ತೇನೆ ಎಂದು ನನಗೆ ಖಾತ್ರಿಯಾಗಿತ್ತು. ಪಕ್ಕದ ಹಾಸಿಗೆಯಲ್ಲಿ ಚಾಚಾ ನಮ್ಮಿಬ್ಬರಿಗಿಂತ ಹೆಚ್ಚು ಒದ್ದಾಡುತ್ತಿದ್ದರು. ಒಮ್ಮೆ ಅವರು ಮಾಸ್ಕನ್ನು ಬೆರಳಿನಿಂದ ಸರಿಸಿ ನನ್ನ ಕಡೆ ತಿರುಗಿದರು.

“ಭಯ ಆಗ್ತಿದೆ ಬೇಟಾ. ನನ್ನೇ ನೋಡ್ತಾ ಇರು.”

ನಾನು ನೋಡಿದೆ. ಅವರೂ ನೋಡಿದರು. ಧೈರ್ಯ ಹೇಳುವ ಶಕ್ತಿ ಇಬ್ಬರಲ್ಲೂ ಇರಲಿಲ್ಲ. ಕಣ್ಣು ಮುಚ್ಚಿದರೆ ಇನ್ನೊಬ್ಬರು ಹೋಗಿಬಿಡುತ್ತಾರೆ ಎಂಬಂತೆ ರೆಪ್ಪೆ ಬಡಿಯಲೂ ಹೆದರಿ ಮಲಗಿದ್ದೆವು.

ಮೂವರೂ ಬದುಕಿದೆವು. ನಾನು ಮತ್ತು ಮುರುಗೇಶ ಬೇಗ ಚೇತರಿಸಿಕೊಂಡೆವು. ಚಾಚಾ ಮನೆಗೆ ಹೋದರು, ಆದರೆ ಅವರ ಎದೆ ಮೊದಲಿನಂತಾಗಲಿಲ್ಲ. ಅಂಗಡಿ ಮುಚ್ಚಿತು. ಶಿವಾಜಿನಗರದ ಮನೆಯ ನೆಲಮಹಡಿಯಲ್ಲಿ ದಿಂಬಿಗೆ ಒರಗಿ ಕೂತು, ಎರಡು ಮಾತಿಗೊಮ್ಮೆ ನಿಲ್ಲುತ್ತಿದ್ದರು. ನಾನು ಹೋದಾಗಲೆಲ್ಲ ಹೊಸ ಕೆಲಸದ ಬಗ್ಗೆ ಕೇಳುತ್ತಿದ್ದರು, ಆ ದಿನದ ಬಗ್ಗೆ ಒಮ್ಮೆಯೂ ಮಾತೆತ್ತಲಿಲ್ಲ.

ಹೋದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಹೆಂಗಸರ ನಡುವೆ ಕೂತಿದ್ದ ಅವರ ಹೆಂಡತಿ, ಚಾಚಿ, ನನ್ನ ಕೈ ಹಿಡಿದುಕೊಂಡರು.

“ಸ್ಟೇಷನ್‌ಗೆ ಹೋಗ್ದೆ ಆಸ್ಪತ್ರೇಲೇ ಮಲ್ಕೊಂಡಿದ್ರೆ ನಿಮ್ಗೆ ಹಿಂಗಾಗ್ತಿರ್ಲಿಲ್ಲ ಅಂತ ಒಂದ್ಸಲ ಬೈದೆ ಅವರನ್ನ. ‘ಅಲ್ಲೇ ಮಲ್ಕೊಂಡಿದ್ರೆ ಅದಕ್ಕಿಂತ ಜಾಸ್ತಿ ಭಯ ಆಗ್ತಿತ್ತು’ ಅಂದ್ರು. ಅಷ್ಟೇ.”

ಹೊರಗೆ ಚಾಚಾರ ಶವವಿದ್ದ ಜನಾಜಾ ಎತ್ತಿದರು. ನಾನು ಕಿಟಕಿಗೆ ಹೋದೆ. ಕಿರಿದಾದ ಗಲ್ಲಿಯಲ್ಲಿ ಹೆಗಲಿನಿಂದ ಹೆಗಲಿಗೆ ದಾಟುತ್ತ ಅದು ಸಾಗುತ್ತಿತ್ತು. ಜನಾಜಾದ ಮುಂದಿನ ಒಂದು ಮೂಲೆಯಲ್ಲಿ ಮಾತ್ರ ಹೆಗಲು ಬದಲಾಗಲಿಲ್ಲ. ಅಲ್ಲಿ ಮುರುಗೇಶನಿದ್ದ, ತಲೆಗೆ ಕರ್ಚೀಫು ಕಟ್ಟಿಕೊಂಡು, ಬಾಯಿ ತೆರೆದು ಏದುಸಿರು ಬಿಡುತ್ತ. ಯಾರೋ ಅವನ ಬೆನ್ನು ತಟ್ಟಿ ಜಾಗ ಕೇಳಿದರು. ಅವನು ಬೇಡವೆಂದು ತಲೆಯಾಡಿಸಿ ಮುಂದಕ್ಕೆ ನಡೆದ.