ಮೂರು ಸಹಿ ಬಿದ್ದ ಲಾರಿ

ಆ ಲಾರಿಯನ್ನು ಅವರು ನೋಡಿಯೇ ಇರಲಿಲ್ಲ. ಆದರೂ ನೋಡಿದ್ದೇವೆ, ಓಡಿಸಿದ್ದೇವೆ, ಬ್ರೇಕ್ ಪರೀಕ್ಷಿಸಿದ್ದೇವೆ, ಎಲ್ಲ ಸರಿಯಿದೆ ಎಂದು ಬರೆದು ಮೂವರು ಸಾರಿಗೆ ಅಧಿಕಾರಿಗಳು ಒಬ್ಬರ ಕೆಳಗೊಬ್ಬರು ಸಹಿ ಹಾಕಿದ್ದರು. ಇದನ್ನು ಕಚೇರಿಯ ನಿರ್ಲಕ್ಷ್ಯವೆಂದು ಕರೆದು ಸುಮ್ಮನಾಗಲು ನಾನು ಸಿದ್ಧಳಲ್ಲ. ಜನರ ಜೀವವನ್ನು ಪಣಕ್ಕಿಟ್ಟು ಸುಳ್ಳು ದಾಖಲೆ ಸೃಷ್ಟಿಸಿದ ಆರೋಪ ಇದು. ಅದನ್ನು ಹೊರಿಸುತ್ತಿರುವವಳು ಆ ಲಾರಿಯ ಕೆಳಗೆ ಅಂಗಾತ ಮಲಗಿ ಎದ್ದು ಬಂದವಳು.

2006ರಲ್ಲಿ ನಾನು ನೋಯ್ಡಾದ ಒಂದು ಸಣ್ಣ ಸಂಸ್ಥೆಯಲ್ಲಿ ವಾಹನ ಸರ್ವೇಯರ್ ಆಗಿದ್ದೆ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಮುಗಿಸಿ ಎರಡು ವರ್ಷವಾಗಿತ್ತು. ಹಳೆಯ ವಾಹನವನ್ನು ಕೊಳ್ಳುವವರ ಪರವಾಗಿ ಪರೀಕ್ಷಿಸಿ, ಅದು ಹೇಳಿಕೊಂಡಷ್ಟೇ ಹಳೆಯದೋ, ಅದರ ಭಾಗಗಳು ಅದರವೇ ಹೌದೋ, ರಸ್ತೆಗೆ ಯೋಗ್ಯವೋ ಎಂದು ವರದಿ ಕೊಡುವುದು ನನ್ನ ಕೆಲಸ. ಆ ಸೆಪ್ಟೆಂಬರ್‌ನಲ್ಲಿ ದೆಹಲಿಯ ದ್ವಾರಕಾದ ಶೇಷಗಿರಿಯವರು ನನ್ನನ್ನು ಕರೆಸಿದರು. ಕೇಂದ್ರ ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್ ಆಗಿ ನಿವೃತ್ತರಾದವರು. ತಮ್ಮ ಬಡಾವಣೆಯ ಕನ್ನಡಿಗರ ಕೂಟಕ್ಕೆ ಅಧ್ಯಕ್ಷರು. ನವೆಂಬರ್‌ನ ರಾಜ್ಯೋತ್ಸವದ ಮೆರವಣಿಗೆಗೆ ಎರಡನೇ ಮಹಾಯುದ್ಧದ ಕಾಲದ ಲಾರಿಯೊಂದನ್ನು ತಾವೇ ಕೊಂಡು, ಅದರ ಮೇಲೆ ಕೂಟದ ಮೂವತ್ತು ಜನರನ್ನು ಹತ್ತಿಸಿ, ತಾವೇ ಓಡಿಸಿಕೊಂಡು ಬರುವುದಾಗಿ ಊರಿಗೆಲ್ಲ ಹೇಳಿಬಿಟ್ಟಿದ್ದರು.

ಲಾರಿ ಗಾಜಿಯಾಬಾದ್ ಕಡೆಯ ಒಂದು ಗೋದಾಮಿನಲ್ಲಿತ್ತು. ಮಾರಾಟಗಾರ ಖನ್ನಾ ಬಾಗಿಲು ಸರಿಸಿದಾಗ ಶೇಷಗಿರಿಯವರು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಮೊಂಡು ಮೂತಿ, ಒಳಗೆ ವಾಲಿದ ಮುಂಗಾಜು, ಮೈಗೆಲ್ಲ ಹೊಸ ಹಸಿರು ಬಣ್ಣ. ಡ್ಯಾಶ್‌ಬೋರ್ಡಿನ ಹಿತ್ತಾಳೆ ತಗಡಿನಲ್ಲಿ 1942 ಎಂದಿತ್ತು, ಕೆಳಗೆ ಚಾಸಿ ನಂಬರ್. ಚಾಸಿ ಎಂದರೆ ಎಂಜಿನ್, ಚಕ್ರ, ಕ್ಯಾಬಿನ್ ಎಲ್ಲವನ್ನೂ ಹೊರುವ ಉಕ್ಕಿನ ಚೌಕಟ್ಟು, ಲಾರಿಯ ಬೆನ್ನುಮೂಳೆ.

"ಫೈಲು ನಾನು ಪೂರ್ತಿ ನೋಡಿದ್ದೀನಮ್ಮ," ಎಂದರು ಶೇಷಗಿರಿಯವರು, ಕಂಕುಳಲ್ಲಿದ್ದ ಕಡತ ತಟ್ಟುತ್ತ. "ಫಿಟ್‌ನೆಸ್ ಪತ್ರ ಇದೆ, ಮೂರು ಸಹಿ ಇದೆ, ಸೀಲಿದೆ. ನೀನು ಒಂದ್ಸಲ ಕಣ್ಣಾಡಿಸಿ ಬಿಡು. ಇವತ್ತೇ ತಗೊಂಡು ಹೋಗ್ತೀನಿ."

ಅವರು ಕ್ಯಾಬಿನ್ ಹತ್ತಿ ಸ್ಟಿಯರಿಂಗ್ ಹಿಡಿದು ಕುಳಿತರು. ನಾನು ತಗಡಿನಿಂದ ಶುರುಮಾಡಿದೆ. ತಗಡು ಹಳೆಯದೇ, ಅದನ್ನು ಹಿಡಿದಿದ್ದ ರಿವೆಟ್ ಮೊಳೆಗಳು ಮಾತ್ರ ಹೊಚ್ಚಹೊಸ ಅಲ್ಯೂಮಿನಿಯಂ. ಅದೇ ನಂಬರ್ ಚಾಸಿಯ ಉಕ್ಕಿನ ಮೇಲೂ ಒತ್ತಿರಬೇಕು. ಬಲಗಡೆಯ ಮುಂಚಕ್ರದ ಬಳಿ ಅದು ಇರಬೇಕಾದ ಜಾಗದ ಬಣ್ಣ ಕೆರೆದು ನೋಡಿದೆ. ಅಲ್ಲಿ ಅಂಕಿಗಳಿರಲಿಲ್ಲ. ಗ್ರೈಂಡರ್ ಹಿಡಿದು ಸವೆಸಿದ, ಕನ್ನಡಿಯಂತೆ ನುಣುಪಾದ ಉಕ್ಕಿತ್ತು.

ನಂತರ ಸ್ಪ್ಯಾನರ್‌ಗಳು. ಆ ಕಾಲದ ಅಂಥ ಲಾರಿಗಳ ಬೋಲ್ಟುಗಳು ಇಂಚಿನ ಅಳತೆಯವು. ಮುಂಭಾಗದಲ್ಲಿ ನನ್ನ ಇಂಚಿನ ಸ್ಪ್ಯಾನರ್ ಸರಿಯಾಗಿ ಕೂತಿತು. ಕ್ಯಾಬಿನ್ ದಾಟಿ ಹಿಂದಕ್ಕೆ ಹೋದರೆ ಒಂದೂ ಕೂರಲಿಲ್ಲ. ಮಿಲಿಮೀಟರಿನ ಹದಿನೇಳು ನಂಬರ್ ಸಲೀಸಾಗಿ ಕೂತಿತು. ಒಂದೇ ಚೌಕಟ್ಟಿನ ಎರಡು ತುದಿಗಳು ಎರಡು ಕಾಲಕ್ಕೆ ಸೇರಿದ್ದವು. ಹಾಗಾದರೆ ನಡುವೆ ಎಲ್ಲೋ ಸೇರಿಸಿರಲೇಬೇಕು. ಜೇಬಿನ ಆಯಸ್ಕಾಂತ ತೆಗೆದು ಚೌಕಟ್ಟಿನ ಉದ್ದಕ್ಕೂ ಎಳೆದುಕೊಂಡು ಹೋದೆ. ಡೀಸೆಲ್ ಟ್ಯಾಂಕಿನ ಹಿಂದೆ ಒಂದು ಅಂಗೈ ಅಗಲದಲ್ಲಿ ಅದು ಹಿಡಿಯದೆ ಜಾರಿ ಬಿತ್ತು. ಅಲ್ಲಿ ಬಣ್ಣದಡಿ ಸಂದು ಮುಚ್ಚುವ ಪುಟ್ಟಿ ಮೆತ್ತಿದ್ದರು.

"ಏನಮ್ಮ, ಓಲೆ ಬಿದ್ದುಹೋಯ್ತಾ ಕೆಳಗೆ? ಇಷ್ಟೊತ್ತು ಹುಡುಕ್ತಾ ಇದೀಯ," ಎಂದು ಶೇಷಗಿರಿಯವರು ಮೇಲಿನಿಂದ ಕೇಳಿದರು.

ಖನ್ನಾ ನಗುತ್ತ ಹಿಂದಿಯಲ್ಲಿ ಹೇಳಿದ: "ಸಾಬ್, ಈ ಮೇಡಂ ಗಾಡಿ ನೋಡೋಕೆ ಬಂದಿದ್ದಾರೋ, ಪೋಸ್ಟ್‌ಮಾರ್ಟಂ ಮಾಡೋಕೋ?"

ನಾನು ಚಾಕುವಿನಿಂದ ಪುಟ್ಟಿ ಕೆರೆದೆ. ಮೇಲಿನಿಂದ ಕೆಳಕ್ಕೆ ನೇರವಾದ ಬೆಸುಗೆಯ ಗೆರೆ ಕಂಡಿತು. ಚಾಸಿಯನ್ನು ಸೇರಿಸಲೇಬೇಕಾದರೆ ಓರೆಯಾಗಿ ಕತ್ತರಿಸಿ, ಒಳಗಡೆ ಉಕ್ಕಿನ ಪಟ್ಟಿ ಕೊಟ್ಟು ಬಲಪಡಿಸುತ್ತಾರೆ. ಇಲ್ಲಿ ಬ್ರೆಡ್ ಕತ್ತರಿಸಿದಂತೆ ನೇರ ಕತ್ತರಿಸಿ, ತುದಿಗೆ ತುದಿ ತಾಗಿಸಿ ಅಂಟಿಸಿದ್ದರು. ಇನ್ನೊಂದು ಬದಿಯಲ್ಲೂ ಹಾಗೆಯೇ. ಶೇಷಗಿರಿಯವರು ಮೂವತ್ತು ಜನರನ್ನು ನಿಲ್ಲಿಸಲಿದ್ದದ್ದು ಸರಿಯಾಗಿ ಇದರ ಮೇಲೆ.

"ಅಂಕಲ್, ಇಳಿದುಬಿಡಿ. ಜಾಕ್ ಹಾಕಿ ನೋಡಬೇಕು."

"ಹಳೇ ಗಾಡಿ ಅಂದ್ಮೇಲೆ ಬೆಸುಗೆ ಇರುತ್ತಮ್ಮ. ನನ್ನ ಮಂಡಿಗೂ ಸ್ಟೀಲ್ ಹಾಕಿದಾರೆ. ನಡೀತಾ ಇಲ್ವಾ ನಾನು?"

ಆದರೂ ಇಳಿದರು. ಗೋದಾಮಿನ ಮುದುಕ ಮೆಕ್ಯಾನಿಕ್, ಎಲ್ಲರೂ ಉಸ್ತಾದ್ ಎನ್ನುತ್ತಿದ್ದವರು, ಎಡಗಡೆಯ ಮುಂಚಕ್ರದ ಪಕ್ಕದಲ್ಲಿ ಜಾಕ್ ಇಟ್ಟು ನಿಧಾನವಾಗಿ ಏರಿಸತೊಡಗಿದರು. ಗಟ್ಟಿ ಚೌಕಟ್ಟು ಉದ್ದಕ್ಕೂ ಸಮನಾಗಿ ತುಸು ತಿರುಚಿಕೊಳ್ಳುತ್ತದೆ. ನಾನು ಟಾರ್ಚ್ ಹಿಡಿದು ಬೆಸುಗೆಯ ಪಕ್ಕದಲ್ಲೇ ಅಂಗಾತ ಮಲಗಿದ್ದೆ. ಚಕ್ರ ನೆಲ ಬಿಟ್ಟು ನಾಲ್ಕು ಬೆರಳು ಮೇಲೆದ್ದಾಗ ಟಕ್ಕೆಂದು ಸದ್ದಾಯಿತು. ಬಣ್ಣದ ಚಕ್ಕೆಗಳು ನನ್ನ ಮುಖದ ಮೇಲೆ ಉದುರಿದವು. ಬೆಸುಗೆಯ ಉದ್ದಕ್ಕೂ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಅದರ ಮೇಲೆ ಆಗ ಒಂದು ನರಪಿಳ್ಳೆಯೂ ಇರಲಿಲ್ಲ.

"ಉಸ್ತಾದ್, ಕೈ ನಿಲ್ಲಿಸಿ. ಇಳಿಸಲೂ ಬೇಡಿ," ಎಂದೆ. ಮೆಲ್ಲಗೆ ತೆವಳಿ ಹೊರಗೆ ಬಂದೆ.

ಬಿರುಕು ತೋರಿಸಿದರೂ ಶೇಷಗಿರಿಯವರು ಕಡತವನ್ನೇ ಎದೆಗೊತ್ತಿಕೊಂಡು ನಿಂತಿದ್ದರು. "ಮೂರು ಜನ ನೋಡಿದ್ದಾರಲ್ಲಮ್ಮ. ಸರ್ಕಾರಿ ಕಾಗದ ಇದು. ಮೂವರಿಗೂ ಕಣ್ಣಿಲ್ವಾ?"

ಅವರಿಗೆ ಉಕ್ಕಿನ ಭಾಷೆ ಗೊತ್ತಿರಲಿಲ್ಲ. ಕಡತದ ಭಾಷೆ ಗೊತ್ತಿತ್ತು. ನಾನು ಅದನ್ನೇ ಬಿಡಿಸಿ ಅವರ ಮುಂದಿಟ್ಟೆ. ಅದರಲ್ಲಿ ಪೆನ್ಸಿಲ್ ಪ್ರಿಂಟಿನ ಪ್ರತಿಯೊಂದಿತ್ತು. ವಾಹನದ ಪರಿಶೀಲನೆಯಲ್ಲಿ ಇದು ಹಳೆಯ ಕ್ರಮ: ಚಾಸಿಯಲ್ಲಿ ಒತ್ತಿದ ನಂಬರಿನ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿ, ಮೂಡಿದ ಅಚ್ಚನ್ನು ಕಡತಕ್ಕೆ ಅಂಟಿಸುತ್ತಾರೆ. ಅಧಿಕಾರಿ ವಾಹನದ ಬಳಿಗೆ ಹೋಗಿದ್ದನೆಂಬುದಕ್ಕೆ ಅದೇ ಸಾಕ್ಷಿ. ನಾನು ಡ್ಯಾಶ್‌ಬೋರ್ಡಿನ ತಗಡಿನ ಮೇಲೆ ಕಾಗದವಿಟ್ಟು ಇನ್ನೊಂದು ಪ್ರಿಂಟ್ ತೆಗೆದು ಪಕ್ಕದಲ್ಲಿ ಹಿಡಿದೆ.

ಶೇಷಗಿರಿಯವರು ಕನ್ನಡಕ ಬದಲಿಸಿಕೊಂಡರು. ಬಹಳ ಹೊತ್ತು ನೋಡಿದರು. ಎರಡರಲ್ಲೂ ಅಂಕಿಗಳ ಆಚೀಚೆ ಒಂದೊಂದು ಪುಟ್ಟ ವೃತ್ತ, ರಿವೆಟ್ ತೂತಿನದು. ಕೆಳಗೆ ತಗಡಿನ ಅಂಚಿನ ಗೆರೆ. ಚಾಸಿಯ ಉಕ್ಕಿನಿಂದ ತೆಗೆದ ಅಚ್ಚಿನಲ್ಲಿ ಇವೆರಡೂ ಇರಲು ಸಾಧ್ಯವಿಲ್ಲ.

"ನಮ್ಮದರಲ್ಲಿ ರಿವೆಟ್ ಕೂತಿದೆ, ವೃತ್ತ ಕಪ್ಪಾಗಿ ತುಂಬಿದೆ. ಅವರದರಲ್ಲಿ ಖಾಲಿ ತೂತು," ಎಂದು ಅವರೇ ಹೇಳಿದರು. "ಅಂದ್ರೆ ಆಗ ತಗಡು ಗಾಡಿಯಲ್ಲೇ ಇರಲಿಲ್ಲ. ಯಾರದೋ ಟೇಬಲ್ ಮೇಲಿತ್ತು."

ಆಮೇಲೆ ಅವರು ಖನ್ನಾನನ್ನು ಬಿಟ್ಟು ಉಸ್ತಾದ್ ಕಡೆ ತಿರುಗಿದರು. "ಭಾಯಿ ಸಾಬ್, ಜನವರಿಯಲ್ಲಿ ಇದನ್ನ ಇಲ್ಲಿಂದ ಯಾರು ಓಡಿಸಿಕೊಂಡು ಹೋಗಿದ್ದು?"

ಉಸ್ತಾದ್ ಒಮ್ಮೆ ಖನ್ನಾನ ಮುಖ ನೋಡಿದರು. ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡರು. "ಜನಾಬ್, ಜನವರಿಯಲ್ಲಿ ಇದರಲ್ಲಿ ಎಂಜಿನ್ ಎಲ್ಲಿತ್ತು? ಹೋಳಿ ಆದಮೇಲೆ ನಾನೇ ಕೂರಿಸಿದ್ದು."

ಫಿಟ್‌ನೆಸ್ ಪತ್ರದ ದಿನಾಂಕ ಜನವರಿಯದು. ‘ವಾಹನವನ್ನು ಚಲಾಯಿಸಿ ಪರೀಕ್ಷಿಸಲಾಗಿದೆ’ ಎಂದು ಅದರಲ್ಲಿ ಬರೆದಿತ್ತು.

ಶೇಷಗಿರಿಯವರು ಕಡತದ ದಾರ ಕಟ್ಟಿದರು. ಖನ್ನಾಗೆ "ನಹೀ ಚಾಹಿಯೇ," ಬೇಡ, ಎಂದಷ್ಟೇ ಹೇಳಿ ಹೊರಗೆ ಬಂದರು. ಕಾರು ಯಮುನೆ ದಾಟಿದ ಮೇಲೆ ಕಿಟಕಿಯತ್ತಲೇ ನೋಡುತ್ತ ಹೇಳಿದರು: "ನಾನೂ ಹೀಗೆ ಸಹಿ ಹಾಕಿದ್ದೀನಮ್ಮ. ಕೆಳಗಿನವನು ನೋಡಿರ್ತಾನೆ ಅಂತ ನಾನು, ನಾನು ನೋಡಿರ್ತೀನಿ ಅಂತ ಮೇಲಿನವರು. ಗಾಡಿ ಅಲ್ಲ, ಬೇರೆ ಏನೇನೋ. ಯಾವುದರ ಕೆಳಗೆ ಯಾರು ನಿಂತಿದ್ರೋ ಗೊತ್ತಿಲ್ಲ."



‘ಖರೀದಿಗೂ ರಸ್ತೆಗೂ ಅಯೋಗ್ಯ’ ಎಂದು ನಾನು ವರದಿ ಬರೆದೆ. ಆ ನವೆಂಬರ್‌ನಲ್ಲಿ ಕೂಟದವರು ನಡೆದೇ ಮೆರವಣಿಗೆ ಮುಗಿಸಿದರು. ಲಾರಿಗೆ ಪತ್ರ ಕೊಟ್ಟ ಸಾರಿಗೆ ಕಚೇರಿಗೆ ಶೇಷಗಿರಿಯವರೇ ದೂರು ಸಿದ್ಧಪಡಿಸಿದರು. ಎರಡೂ ಪೆನ್ಸಿಲ್ ಪ್ರಿಂಟ್, ಬಿರುಕಿನ ಫೋಟೋ, ನನ್ನ ವರದಿ ಲಗತ್ತಿಸಿ ಕಳಿಸಿದರು. ಉತ್ತರ ಬರದಿದ್ದಾಗ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದರು. ಬಂದದ್ದು ಒಂದೇ ಸಾಲು: ದಾಖಲೆಗಳನ್ನು ಪರಿಶೀಲಿಸಲಾಗಿದ್ದು ಸಹಿಗಳು ಕ್ರಮಬದ್ಧವಾಗಿವೆ. ನಾವು ದೂರಿದ್ದು ಲಾರಿಯ ಬಗ್ಗೆ. ಅವರು ಮತ್ತೆ ಕಾಗದವನ್ನೇ ನೋಡಿ ಉತ್ತರಿಸಿದ್ದರು.

ಇದಾಗಿ ಮೂರು ವರ್ಷ. ಕಳೆದ ಚಳಿಗಾಲದಲ್ಲಿ ದಕ್ಷಿಣ ದೆಹಲಿಯ ಒಂದು ಫಾರ್ಮ್‌ಹೌಸಿನ ಗೇಟಿನಲ್ಲಿ ನಾನು ಅದೇ ನೋಂದಣಿ ಸಂಖ್ಯೆಯ ಲಾರಿಯನ್ನು ಕಂಡೆ. ಈಗ ಅದಕ್ಕೆ ಕೆನೆ ಬಣ್ಣ. ಚೆಂಡುಹೂವಿನ ಹಾರ ಸುತ್ತಿ ಮದುವೆಯ ದಿಬ್ಬಣಕ್ಕೆ ಬಾಡಿಗೆಗೆ ತಂದಿದ್ದರು. ಹಿಂದೆ ಜನ ಒತ್ತಾಗಿ ನಿಂತು ಕುಣಿಯುತ್ತಿದ್ದರು. ನಾನು ಓಡಿಹೋಗಿ ಚಾಲಕನಿಗೆ ಹೇಳಿದೆ. ಅವನು ಕನ್ನಡಿಯ ಹಿಂದಿನಿಂದ ಫಿಟ್‌ನೆಸ್ ಪತ್ರ ತೆಗೆದು ತೋರಿಸಿದ. ಅದನ್ನು ನವೀಕರಿಸಲಾಗಿತ್ತು.

ಈ ವೃತ್ತಿ ನನಗೆ ಕಲಿಸಿದ್ದು ಇಷ್ಟೇ: ವಾಹನದ ಕೆಳಗೆ ಮಲಗದೆ ಅದರ ಬಗ್ಗೆ ಒಂದಕ್ಷರವನ್ನೂ ಬರೆಯಬಾರದು.

ಆದ್ದರಿಂದ ಸಂಬಂಧಪಟ್ಟ ಸಾರಿಗೆ ಅಧಿಕಾರಿಗಳಲ್ಲಿ ಸಾರ್ವಜನಿಕವಾಗಿ ವಿನಂತಿಸುತ್ತೇನೆ. ಎಂಜಿನ್ ಇಲ್ಲದ ಲಾರಿಯನ್ನು ಜನವರಿಯಲ್ಲಿ ಚಲಾಯಿಸಿದವರು ಯಾರು, ಪೆನ್ಸಿಲ್ ಪ್ರಿಂಟ್ ತೆಗೆದದ್ದು ಎಲ್ಲಿ, ನಮ್ಮ ದೂರು ಕೈಯಲ್ಲಿದ್ದೂ ಪತ್ರ ನವೀಕರಿಸಿದವರು ಯಾರು ಎಂಬುದನ್ನು ಹೆಸರು ಹುದ್ದೆ ಸಹಿತ ಲಿಖಿತವಾಗಿ ತಿಳಿಸಬೇಕು. ಅವರ ಮೇಲೆ ಕಾನೂನಿನಂತೆ ಕ್ರಮ ಜರುಗಿಸಬೇಕು. ಅದಕ್ಕೂ ಮೊದಲು, ಈ ವರ್ಷದ ಮದುವೆಗಳು ಶುರುವಾಗುವುದರೊಳಗೆ, ಆ ಲಾರಿಯನ್ನು ರಸ್ತೆಯಿಂದ ಇಳಿಸಿ, ಸಾರಿಗೆ ಕಚೇರಿಯ ಅಂಗಳಕ್ಕೆ ತರಿಸಿ, ಜಾಕ್ ಏರಿಸಿ, ಸಹಿ ಹಾಕಿದ ಮೂವರನ್ನೂ ಅದರ ಬಳಿ ಕರೆದೊಯ್ದು ಒಮ್ಮೆ ಕಣ್ಣಾರೆ ನೋಡಲು ಹೇಳಬೇಕೆಂದು ಕೋರುತ್ತೇನೆ.